ನಳಿಗೆ ಕೂತರೆ ಕೆಲಸ ಮುಗಿಯಿತೇ?

"ಮೇಷ್ಟ್ರೇ, ಅಮೆರಿಕಕ್ಕೆ ಹೋಗಿ ಮೊಮ್ಮಗನ ಕೋವಿಗೆ ಹೊಸ ನಳಿಗೆ ಹಾಕಿಕೊಟ್ಟು ಬಂದಿರಂತೆ!" ಎಂದು ಕಳೆದ ವಾರ ಪೇಟೆಯಲ್ಲಿ ಸಿಕ್ಕ ಹಳೆಯ ಸಹೋದ್ಯೋಗಿಯೊಬ್ಬರು ನಗುತ್ತಲೇ ಕೇಳಿದರು. ನಗುವಿನ ಹಿಂದೆ ಸಣ್ಣದೊಂದು ಆಕ್ಷೇಪವೂ ಇತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಭೌತಶಾಸ್ತ್ರ, ಗಣಿತ ಹೇಳಿಕೊಟ್ಟವನು, ಗಾಂಧಿ ಜಯಂತಿಯಂದು ಅಹಿಂಸೆಯ ಬಗ್ಗೆ ಭಾಷಣ ಮಾಡುತ್ತಿದ್ದವನು, ಈಗ ಈ ಉದ್ಯೋಗಕ್ಕೆ ಇಳಿದನೇ ಎಂಬ ಧ್ವನಿ. ರಸ್ತೆಯ ಬದಿಯಲ್ಲಿ ನಿಂತು ಉತ್ತರಿಸುವಂಥ ಪ್ರಶ್ನೆ ಅದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವರ ಆಕ್ಷೇಪಕ್ಕೆ ಸಮಾಧಾನ ಹೇಳುವುದಕ್ಕಿಂತ ಹೆಚ್ಚಾಗಿ, ಅಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಈ ಬರಹದ ಉದ್ದೇಶ.

ಮೊದಲಿಗೆ, ಅದು ಕೋವಿಯಲ್ಲ. ಪೇಂಟ್‌ಬಾಲ್ ಎಂಬ ಆಟದಲ್ಲಿ ಬಳಸುವ ಸಾಧನ. ಆಡುವವರು ಅದನ್ನು ಮಾರ್ಕರ್ ಎನ್ನುತ್ತಾರೆ. ಹೆಸರಿಗೆ ಕಾರಣವುಂಟು. ಕಡಿಯಬೇಕಾದ ಮರಗಳಿಗೆ, ಮಂದೆಯ ದನಗಳಿಗೆ ದೂರದಿಂದಲೇ ಬಣ್ಣದ ಗುರುತು ಹಾಕಲು ಅಮೆರಿಕದಲ್ಲಿ ನೆಲ್‌ಸ್ಪಾಟ್ 007 ಎಂಬ ಪಿಸ್ತೂಲಿನಾಕಾರದ ಸಾಧನವಿತ್ತು. 1981ರ ಜೂನ್ 27ರಂದು ನ್ಯೂಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬಲ್ಲಿ ಹನ್ನೆರಡು ಮಂದಿ ಅದನ್ನೇ ಕೈಯಲ್ಲಿ ಹಿಡಿದು ಕಾಡಿನೊಳಗೆ ಆಟವಾಡಿದರು. ಗೆದ್ದವರು ರಿಚಿ ವೈಟ್ ಎಂಬುವರು. ಅವರು ಒಂದೇ ಒಂದು ಗುಂಡನ್ನೂ ಹಾರಿಸದೆ, ಯಾರ ಕಣ್ಣಿಗೂ ಬೀಳದೆ, ಎಲ್ಲ ಬಾವುಟಗಳನ್ನು ಸಂಗ್ರಹಿಸಿಕೊಂಡು ಹೊರಬಂದರು. ಈ ಸಂಗತಿಯನ್ನು ನನ್ನ ಮೊಮ್ಮಗನಿಗೆ ಹೇಳಿದಾಗ ಅವನಿಗೆ ಅಷ್ಟೇನೂ ರುಚಿಸಲಿಲ್ಲವೆನ್ನಿ.

2023ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಉತ್ತರ ಕೆರೊಲಿನಾದ ಕ್ಯಾರಿಯಲ್ಲಿರುವ ಮಗನ ಮನೆಯಲ್ಲಿದ್ದೆವು. ಹದಿನಾಲ್ಕು ವರ್ಷದ ಮೊಮ್ಮಗ ತನ್ನ ಉಳಿತಾಯದ ಹಣದಲ್ಲಿ ಮಾರ್ಕರಿಗೆ ಹೊಸ ನಳಿಗೆಯೊಂದನ್ನು ತರಿಸಿದ್ದ. ಮಾರ್ಕರಿನೊಂದಿಗೆ ಬಂದ ನಳಿಗೆ ಚೆನ್ನಾಗಿಯೇ ಇತ್ತು; ಆದರೆ ಗುಂಡು ನೆಟ್ಟಗೆ ಹೋಗುತ್ತಿಲ್ಲವೆಂದೂ, ಹದಿನಾರು ಅಂಗುಲದ ನಳಿಗೆ ಹಾಕಿದರೆ ದೂರವೂ ಹೋಗುತ್ತದೆ, ಗುರಿಯೂ ತಪ್ಪುವುದಿಲ್ಲವೆಂದೂ ಅವನ ಗೆಳೆಯರು ತಲೆಗೆ ತುಂಬಿದ್ದರು.

ದೂರದ ಮಾತನ್ನು ಮೊದಲು ಮುಗಿಸಿಬಿಡೋಣ. ಹಾರಿದ ವಸ್ತು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಅದು ಹೊರಟ ವೇಗ, ಹೊರಟ ಕೋನ ಮತ್ತು ಗಾಳಿಯ ತಡೆ ನಿರ್ಧರಿಸುತ್ತವೆ. ಈ ಆಟದಲ್ಲಿ ವೇಗಕ್ಕೆ ಮಿತಿಯಿದೆ: ಸೆಕೆಂಡಿಗೆ 300 ಅಡಿಯನ್ನು ಮೀರಬಾರದು, ಎಷ್ಟೋ ಮೈದಾನಗಳಲ್ಲಿ 280 ಅಡಿಯೇ ಗರಿಷ್ಠ. ಉದ್ದ ನಳಿಗೆಯವನೂ 280, ಗಿಡ್ಡ ನಳಿಗೆಯವನೂ 280 ಎಂದ ಮೇಲೆ ಉದ್ದದಿಂದ ದೂರ ಹೆಚ್ಚುವುದೆಲ್ಲಿಂದ ಬಂತು? ಸಂಕುಚಿತ ಗಾಳಿ ಗುಂಡನ್ನು ತಳ್ಳುವ ಕೆಲಸವೆಲ್ಲ ನಳಿಗೆಯ ಮೊದಲ ಎಂಟು ಅಂಗುಲಗಳ ಆಸುಪಾಸಿನಲ್ಲೇ ಬಹುಮಟ್ಟಿಗೆ ಮುಗಿದಿರುತ್ತದೆ. ಮುಂದಿನ ಭಾಗದಲ್ಲಿ ಸಾಲಾಗಿ ಕೊರೆದ ತೂತುಗಳು ಉಳಿದ ಗಾಳಿಯನ್ನು ಮೆಲ್ಲಗೆ ಹೊರಬಿಟ್ಟು ಸದ್ದನ್ನು ತಗ್ಗಿಸುತ್ತವೆ. ಅಷ್ಟು ಲಾಭವುಂಟು, ಜೊತೆಗೆ ಗಿಡದ ಪೊದೆಯನ್ನು ಸರಿಸಿ ಮೂತಿ ಚಾಚಲು ಅನುಕೂಲ. ಇದನ್ನೆಲ್ಲ ಹೇಳಿದೆ. ಅವನು ಕೇಳಿಸಿಕೊಂಡ, ನಳಿಗೆಯನ್ನು ಮಾತ್ರ ಹಿಂದಿರುಗಿಸಲು ಒಪ್ಪಲಿಲ್ಲ.

ಹಿಂದಿರುಗಿಸುವ ಪ್ರಸಂಗ ತಾನಾಗಿಯೇ ಬಂತು. ನಳಿಗೆಯ ಬುಡದಲ್ಲಿ ತಿರುಪಿನ ಥ್ರೆಡ್ ಇರುತ್ತದೆ. ಅದು ಮಾರ್ಕರಿನ ಒಳಗಿನ ಥ್ರೆಡ್ಡಿಗೆ ಕೂಡಬೇಕು. ಇದರಲ್ಲಿ ಎಲ್ಲ ತಯಾರಕರದೂ ಒಂದೇ ಅಳತೆಯಿಲ್ಲ. ಆಟೋಕಾಕರ್ ಥ್ರೆಡ್ ಒಂದು, ಸ್ಪೈಡರ್ ಥ್ರೆಡ್ ಇನ್ನೊಂದು, ಟಿಪ್‌ಮನ್ ಥ್ರೆಡ್ ಮತ್ತೊಂದು. ಒಂದರದು ಇನ್ನೊಂದಕ್ಕೆ ಆಗದು. ಅಂಗಡಿಯವರು ಕಳಿಸಿದ್ದು ಬೇರೆ ಥ್ರೆಡ್ಡಿನ ನಳಿಗೆ. ಅದು ಅರ್ಧ ಸುತ್ತು ತಿರುಗಿ ಬಿಗಿಯಾಗಿ ನಿಂತಿತು. ಹುಡುಗ ಕೈಬಿಟ್ಟು ನನ್ನ ಮುಖ ನೋಡಿದ. ತೋಟದ ಪಂಪ್‌ಸೆಟ್ಟಿನ ಪೈಪುಗಳೊಡನೆ ಗುದ್ದಾಡಿ ಬೆಳೆದ ನಾನು, "ಸ್ವಲ್ಪ ಬಲ ಹಾಕು ತಮ್ಮಾ, ಕೂರುತ್ತದೆ" ಎಂದೆ. ಅವನು ಬಲ ಹಾಕಿದ. ಬಿಚ್ಚಿ ನೋಡಿದರೆ ಹೊಸ ನಳಿಗೆಯ ಮೊದಲ ಸುತ್ತು ಚಪ್ಪಟೆಯಾಗಿತ್ತು. ಅಲ್ಯೂಮಿನಿಯಂ, ಕಬ್ಬಿಣದ ಪೈಪಲ್ಲ. ಪುಣ್ಯಕ್ಕೆ ಮಾರ್ಕರಿನ ಥ್ರೆಡ್ಡಿಗೆ ಏನೂ ಆಗಿರಲಿಲ್ಲ. ಕೆಟ್ಟ ನಳಿಗೆಯನ್ನು ವಾಪಸು ಕೊಡುವಂತಿರಲಿಲ್ಲವಾಗಿ ಎರಡನೆಯದರ ಹಣವನ್ನು ನಾನೇ ತೆತ್ತೆ. ಈ ಬಾರಿ ಹನ್ನೆರಡು ಅಂಗುಲದ್ದು ಸಾಕೆಂದು ಅವನೇ ಹೇಳಿದ್ದು ಸಮಾಧಾನದ ಸಂಗತಿ.

ಎರಡನೆಯ ನಳಿಗೆ ಬಂದ ದಿನ ಅಡುಗೆಮನೆಯ ಗ್ರಾನೈಟ್ ಕಟ್ಟೆಯೇ ನಮ್ಮ ಪ್ರಯೋಗಶಾಲೆ. ಮುಖವಾಡ ಧರಿಸಿ, ನಳಿಗೆಯ ಮೂತಿಗೆ ಬಟ್ಟೆಯ ಚೀಲದಂಥ ಹೊದಿಕೆ ಹಾಕಿ, ಗುಂಡುಗಳ ಬುಟ್ಟಿಯಂಥ ಹಾಪರನ್ನು ತೆಗೆದು, ಗಾಳಿಯ ಸಿಲಿಂಡರನ್ನು ಬಿಚ್ಚಿ, ಒಳಗೆ ಉಳಿದ ಗಾಳಿ ಹೋಗುವಂತೆ ಯಾರೂ ಇಲ್ಲದ ದಿಕ್ಕಿಗೆ ಹಿಡಿದು ಎರಡು ಬಾರಿ ಬರಿದೇ ಕುದುರೆ ಒತ್ತಿದ ಮೇಲೆಯೇ ಕೆಲಸ ಆರಂಭ. ಆ ಪುಟ್ಟ ಸಿಲಿಂಡರಿನಲ್ಲಿ ಚದರ ಅಂಗುಲಕ್ಕೆ 3000 ಪೌಂಡಿನಷ್ಟು ಒತ್ತಡವಿರುತ್ತದೆ. ನಿಮ್ಮ ಕಾರಿನ ಚಕ್ರದಲ್ಲಿರುವುದರ ತೊಂಬತ್ತು ಪಟ್ಟಿಗೂ ಹೆಚ್ಚು. ಸಿಲಿಂಡರ್ ತೆಗೆದರೂ ಒಂದೆರಡು ಹೊಡೆತಕ್ಕೆ ಸಾಲುವಷ್ಟು ಗಾಳಿ ಒಳಗೆ ಅಡಗಿರುತ್ತದೆ ಎಂಬುದನ್ನು ಮರೆತವರು ಕೈಗೆ, ಕಣ್ಣಿಗೆ ಪೆಟ್ಟು ಮಾಡಿಕೊಳ್ಳುತ್ತಾರೆ.

ತಿರುಪು ಹಿಡಿಸುವ ಉಪಾಯವನ್ನು ಹೇಳಿಕೊಟ್ಟವಳು ನನ್ನಾಕೆ. ಹಾರ್ಲಿಕ್ಸ್ ಬಾಟಲಿಯ ಮುಚ್ಚಳ ಓರೆಯಾಗಿ ಕೂಡುವಾಗ ಅವಳು ಮೊದಲು ಅದನ್ನು ಹಿಂದಕ್ಕೆ ತಿರುಗಿಸುತ್ತಾಳೆ. ಎಲ್ಲೋ ಒಂದು ಕಡೆ ಟಕ್ಕೆಂದು ಕೆಳಗಿಳಿದ ಅನುಭವವಾಗುತ್ತದೆ, ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಬೆಣ್ಣೆಯಲ್ಲಿ ಕೂದಲೆಳೆದಂತೆ ಸಾಗುತ್ತದೆ. ನಳಿಗೆಗೂ ಅದೇ ನ್ಯಾಯ. ಬುಡದಲ್ಲಿರುವ ರಬ್ಬರಿನ ಓ-ರಿಂಗಿಗೆ ಒಂದಿಷ್ಟು ಗ್ರೀಸ್ ಸವರಿ, ಬೆರಳಿನ ಬಲದಲ್ಲೇ ಬುಡ ಮುಟ್ಟುವವರೆಗೆ ತಿರುಗಿಸಬೇಕು. ಪಾನ, ರೆಂಚುಗಳ ಹತ್ತಿರ ಹೋಗಲೇಬಾರದು. ಅದನ್ನು ಕಲಿಯಲು ನಾನು ಒಂದು ನಳಿಗೆಯ ಬೆಲೆ ಕೊಟ್ಟಾಗಿತ್ತು.

ಇನ್ನು ಗುಂಡು ಮತ್ತು ನಳಿಗೆಯ ಹೊಂದಿಕೆ. ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದ ಜೀವಾಳ ಇದೇ. ಪೇಂಟ್‌ಬಾಲಿನ ಗುಂಡು 0.68 ಅಂಗುಲ, ಅಂದರೆ ಹದಿನೇಳು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ವ್ಯಾಸದ್ದು ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಆದರೆ ಅದು ಮಾತ್ರೆಯ ಹೊದಿಕೆಯಂತೆ ಜೆಲಟಿನ್ನಿನಿಂದ ಆದದ್ದು. ಸೆಕೆಗೆ, ತೇವಕ್ಕೆ ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ, ಮೂಟೆಯಡಿ ಸಿಕ್ಕರೆ ಮೊಟ್ಟೆಯಾಕಾರ ತಳೆಯುತ್ತದೆ. ಹಾಗಾಗಿ ಒಳ್ಳೆಯ ನಳಿಗೆಯೊಡನೆ ಒಳಗೆ ತೂರಿಸುವ ಬೇರೆ ಬೇರೆ ವ್ಯಾಸದ ತೆಳುಕೊಳವೆಗಳನ್ನು ಕೊಡುತ್ತಾರೆ: 0.679 ಅಂಗುಲದಿಂದ 0.695ರವರೆಗೆ, ಒಂದಕ್ಕೂ ಮತ್ತೊಂದಕ್ಕೂ ಎರಡು ಮೂರು ಸಾವಿರಾಂಶ ಅಂಗುಲದ ವ್ಯತ್ಯಾಸದಲ್ಲಿ.

ಇದನ್ನು ಮೊಮ್ಮಗನಿಗೆ ತಿಳಿಸಲು ನಾನು ಪೆಟ್ಲಿನ ಕಥೆ ಹೇಳಿದೆ. ಮಲೆನಾಡಿನಲ್ಲಿ ಬೆಳೆದ ಓದುಗರಿಗೆ ಪೆಟ್ಲು ಗೊತ್ತಿರುತ್ತದೆ. ಗೇಣುದ್ದದ ವಾಟೆಯ ಕೊಳವೆ, ಅದರೊಳಗೆ ಆಡುವ ಒಂದು ಕಡ್ಡಿ, ಮಳೆಗಾಲದಲ್ಲಿ ಸಿಗುವ ಹಸಿರು ಕಾಯಿಗಳು. ಒಂದು ಕಾಯಿಯನ್ನು ತುದಿಯವರೆಗೆ ತಳ್ಳಿ ನಿಲ್ಲಿಸಿ, ಇನ್ನೊಂದನ್ನು ಹಿಂದಿನಿಂದ ಜೋರಾಗಿ ತಳ್ಳಿದರೆ ನಡುವಿನ ಗಾಳಿ ಒತ್ತಿ ಮುಂದಿನ ಕಾಯಿ ಪಟ್ಟೆಂದು ಹಾರುತ್ತದೆ. ಕಾಯಿ ಸಣ್ಣದಾದರೆ ಗಾಳಿ ಸೋರಿ ಪುಸ್ಸೆನ್ನುತ್ತದೆ, ದೊಡ್ಡದಾದರೆ ಒಳಗೇ ಜಜ್ಜಿ ಲೋಳೆಯಾಗುತ್ತದೆ. ಕೊಳವೆಗೆ ತಕ್ಕ ಕಾಯಿಯನ್ನು ಆರಿಸುವವನೇ ಗೆಲ್ಲುವವನು. ಸಡಿಲವಾಗಿದ್ದರೆ ಸೋರಿಕೆ, ಬಿಗಿಯಾಗಿದ್ದರೆ ವೇಗ: ನಾನು ಹೇಳಿದ ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನೇ ಮರುದಿನ ಮರೆತೆ.

ಯಾವ ತೆಳುಕೊಳವೆ ಸರಿ ಎಂದು ತಿಳಿಯಲು ನಾನು ಮಗನ ಡಬ್ಬಿಯಿಂದ ಡಿಜಿಟಲ್ ಕ್ಯಾಲಿಪರ್ಸ್ ತೆಗೆಸಿದೆ. ಎಷ್ಟು ಮಕ್ಕಳಿಗೆ ವರ್ನಿಯರ್ ಕ್ಯಾಲಿಪರ್ಸ್ ಓದಲು ಕಲಿಸಿದ್ದೇನೆಯೋ ಲೆಕ್ಕವಿಲ್ಲ. ಅದನ್ನು ನಿಜವಾಗಿ ಬಳಸುವ ಸಂದರ್ಭ ಒದಗಿತಲ್ಲ ಎಂಬ ಹಿಗ್ಗು. ಆದರೆ ದವಡೆಗಳು ಸ್ವಲ್ಪ ಒತ್ತಿದರೆ ಮೆತ್ತಗಿನ ಗುಂಡು ಕುಗ್ಗುತ್ತದೆ. ಒಂದೇ ಗುಂಡನ್ನು ತಿರುಗಿಸಿ ಅಳೆದರೆ ಬೇರೆಯದೇ ಅಂಕಿ. ಐದು ಗುಂಡು ಅಳೆದು ಸರಾಸರಿ ತೆಗೆಯಲು ಹೊರಟಿದ್ದೆ. ಹುಡುಗ, "ಅಜ್ಜಾ, ಊದಿ ನೋಡಿದರೆ ಸಾಕು" ಎಂದ. ನಳಿಗೆಯನ್ನು ಮಾರ್ಕರಿನಿಂದ ಬಿಚ್ಚಿಕೊಂಡು ಬುಡದಿಂದ ಗುಂಡು ಹಾಕಬೇಕು. ಅದು ಉರುಳಿ ಇನ್ನೊಂದು ತುದಿಯಿಂದ ಬಿದ್ದರೆ ಕೊಳವೆ ದೊಡ್ಡದು. ಎಷ್ಟು ಊದಿದರೂ ಕದಲದಿದ್ದರೆ ಚಿಕ್ಕದು. ತಾನಾಗಿ ನಿಂತು, ಹಗುರಾಗಿ ಊದಿದೊಡನೆ ಹೊರಬಂದರೆ ಅದೇ ಸರಿ. ಅಂದಿನ ಗುಂಡಿಗೆ 0.684 ಹೊಂದಿತು. ಸಾವಿರಾಂಶ ಅಂಗುಲವನ್ನು ಉಸಿರಿನಿಂದ ಅಳೆಯುವುದು ನನಗೆ ಹೊಸ ಪಾಠ. ಕ್ಯಾಲಿಪರ್ಸನ್ನು ಮೆಲ್ಲಗೆ ಡಬ್ಬಿಗೆ ಸೇರಿಸಿದೆ.

ನೇರ ಇದೆಯೇ ಎಂದು ನೋಡುವುದು ಇನ್ನೊಂದು ಕೆಲಸ. ಕಟ್ಟೆಯ ಮೇಲೆ ನಳಿಗೆಯನ್ನು ಉರುಳಿಸಿದೆವು, ತುದಿ ಕುಣಿಯಲಿಲ್ಲ. ಜೋಡಿಸಿದ ಮೇಲೆ ಒಳಗಿನ ಬೋಲ್ಟ್ ತೆಗೆದು ಹಿಂದಿನಿಂದ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ವೃತ್ತದೊಳಗೆ ವೃತ್ತ ಕಾಣಬೇಕು. ಒಂದು ಬದಿಗೆ ಬಿದಿಗೆಯ ಚಂದ್ರನಂಥ ನೆರಳು ಕಂಡರೆ ನಳಿಗೆ ಓರೆಯಾಗಿ ಕೂತಿದೆಯೆಂದೇ ಅರ್ಥ. ನಮ್ಮದು ಎರಡು ತುಂಡಿನ ನಳಿಗೆಯಾದ್ದರಿಂದ ನಡುವಿನ ಕೂಡುವೆಯನ್ನೂ ನೋಡಬೇಕಿತ್ತು. ಕಡ್ಡಿಗೆ ಹತ್ತಿ ಸುತ್ತಿ ಒಳಗೆ ಎಳೆದಾಗ ಕೂಡುವೆಯಲ್ಲಿ ಎಳೆ ಸಿಕ್ಕಿಕೊಂಡಿತು. ಮುಂದಿನ ತುಂಡು ಪೂರ್ತಿ ತಿರುಗಿರಲಿಲ್ಲ. ಕೂದಲೆಳೆಯಷ್ಟು ಮೆಟ್ಟಿಲಿದ್ದರೂ ಗುಂಡು ಅಲ್ಲಿ ಒಡೆಯುತ್ತದೆ, ಇಲ್ಲವೇ ಒಂದು ಬದಿ ಉಜ್ಜಿ ಗಿರಕಿ ಹೊಡೆಯುತ್ತ ಹೊರಬೀಳುತ್ತದೆ. ಗಿರಕಿ ಹೊಡೆದ ಗುಂಡು ಗಾಳಿಯಲ್ಲಿ ಬಾಗುತ್ತದೆ. ಕ್ರಿಕೆಟ್ಟಿನ ಸ್ಪಿನ್ ಎಸೆತ ಗಾಳಿಯಲ್ಲೇ ದಾರಿ ಬದಲಿಸಿದಂತೆ.

ಇದನ್ನು ಮ್ಯಾಗ್ನಸ್ ಪರಿಣಾಮ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಮ್ಯಾಗ್ನಸ್ ಅವರಿಗಿಂತ ನೂರು ವರ್ಷ ಮೊದಲೇ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಇದನ್ನು ಕಂಡಿದ್ದರು. ಅವರು ಬಂದೂಕಿನ ನಳಿಗೆಯನ್ನು ಬೇಕೆಂದೇ ಎಡಕ್ಕೆ ಬಾಗಿಸಿ ಹಾರಿಸಿದರು. ಗುಂಡು ಎಡಕ್ಕೆ ಹೊರಟು, ಮುಂದೆ ಹೋಗುತ್ತ ಬಲಕ್ಕೆ ತಿರುಗಿತು. ಬಾಗಿದ ನಳಿಗೆಯಲ್ಲಿ ಬಲಗೋಡೆಗೆ ಉಜ್ಜಿಕೊಂಡು ಉರುಳಿದ್ದೇ ಕಾರಣವೆಂದು ತೋರಿಸಿಕೊಟ್ಟರು. ಗುಂಡಿನ ವೇಗವನ್ನು ಅಳೆಯುವ ತೂಗುಲೋಲಕದ ಪ್ರಯೋಗವನ್ನು 1742ರ ತಮ್ಮ ಪುಸ್ತಕದಲ್ಲಿ ವಿವರಿಸಿದವರೂ ಅವರೇ. ಅವರು ತೀರಿಕೊಂಡದ್ದು ನಮ್ಮ ದೇಶದಲ್ಲಿ, 1751ರಲ್ಲಿ, ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿದ್ದಾಗ. ಅಷ್ಟು ವರ್ಷ ಪಾಠ ಮಾಡಿದ ನಾನು ಈ ಸಂಗತಿಯನ್ನು ಒಂದು ತರಗತಿಯಲ್ಲೂ ಹೇಳಲಿಲ್ಲವಲ್ಲ ಎಂಬ ಕೊರಗು ಈಗ. ಇರಲಿ.

ಮರುದಿನ ಶನಿವಾರ. ಮೈದಾನದ ಬಾಗಿಲಲ್ಲಿ ಕ್ರೋನೋಗ್ರಾಫ್ ಎಂಬ ವೇಗಮಾಪಕದ ಮುಂದೆ ಸಾಲು ನಿಂತಿತ್ತು. ಹೊಸ ನಳಿಗೆಯನ್ನು ಕೊನೆಯ ಆಟಗಳಿಗೆಂದು ಚೀಲದಲ್ಲಿಟ್ಟುಕೊಂಡು ಹುಡುಗ ಹಳೆಯದರಲ್ಲೇ ಅಳೆಸಿದ: 272. ಅಲ್ಲಿನ ಮಿತಿ 280. ಮಾರ್ಕರಿಗೆ ಒಪ್ಪಿಗೆಯ ಪಟ್ಟಿ ಕಟ್ಟಿದರು. ಊಟದ ಬಿಡುವಿನಲ್ಲಿ ಅವನು ಒಬ್ಬನೇ ಕೂತು, ಕ್ರಮ ತಪ್ಪದೆ, ಸಿಲಿಂಡರ್ ಬಿಚ್ಚಿ, ಗಾಳಿ ಕಳೆದು, ಹೊಸ ನಳಿಗೆ ಕೂರಿಸಿದ. ನಾನು ಪಕ್ಕದಲ್ಲಿ ನಿಂತು ಹೆಮ್ಮೆಯಿಂದ ನೋಡುತ್ತಿದ್ದೆ. ಮುಗಿಸಿ ಕೇಳಿದ: "ಅಜ್ಜಾ, ಮತ್ತೆ ಅಳೆಸಬೇಕಾ?" ನಾನೆಂದೆ: "ಬೆಳಿಗ್ಗೆಯೇ ಅಳೆದಿದ್ದಾರಲ್ಲ ತಮ್ಮಾ, ಹೋಗು, ಹೊತ್ತಾಯಿತು."

ಹಿಂದಿನ ರಾತ್ರಿ ಪೆಟ್ಲಿನ ಕಥೆ ಹೇಳಿದ್ದ ಅದೇ ಬಾಯಿ!

ಒಳಗೆ ಬಿಡುವ ರೆಫರಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ. ಬೆಳಿಗ್ಗೆ ಕಪ್ಪಾಗಿದ್ದ ನಳಿಗೆ ಮಧ್ಯಾಹ್ನ ಬೆಳ್ಳಿಯ ಬಣ್ಣಕ್ಕೆ ತಿರುಗಿದ್ದನ್ನು ಅವಳು ಗಮನಿಸಿದಳು. ಅವನನ್ನು ಬದಿಗೆ ನಿಲ್ಲಿಸಿ ವೇಗಮಾಪಕದ ಮುಂದೆ ಹಾರಿಸಲು ಹೇಳಿದಳು. 298. ಇನ್ನೊಮ್ಮೆ: 297. ಹಳೆಯ ನಳಿಗೆಯ ಒಳವ್ಯಾಸ 0.690ಕ್ಕೂ ಮೇಲಿತ್ತು, ಅದರಲ್ಲಿ ಗುಂಡಿನ ಸುತ್ತ ಸೋರಿಹೋಗುತ್ತಿದ್ದ ಗಾಳಿಯೆಲ್ಲ ಈಗ ಗುಂಡನ್ನು ತಳ್ಳಲು ಸಿಕ್ಕಿತ್ತು. ಮಾರ್ಕರಿನ ಒತ್ತಡವನ್ನು ಯಾರೂ ಮುಟ್ಟಿರಲಿಲ್ಲ. ನಳಿಗೆ ಬದಲಾದದ್ದಷ್ಟೇ.

ಇಪ್ಪತ್ತಾರು ಅಡಿ ಹೆಚ್ಚಾದರೆ ಏನಂತೆ ಎನ್ನಬಹುದು. ಬೆಂಚಿನ ಮೇಲೆ ಕೂತು ರಸೀದಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಮೂರು ಗ್ರಾಂ ತೂಕದ ಗುಂಡು 272 ಅಡಿ ವೇಗದಲ್ಲಿ ಹೊರಟರೆ ಸುಮಾರು 10.3 ಜೂಲ್, 298ರಲ್ಲಿ 12.4 ಜೂಲ್. ವೇಗ ಶೇಕಡಾ ಹತ್ತರಷ್ಟೂ ಹೆಚ್ಚಿಲ್ಲ. ಪೆಟ್ಟು ಶೇಕಡಾ ಇಪ್ಪತ್ತರಷ್ಟು ಹೆಚ್ಚಿದೆ. ಅಂದು ಆ ಮೈದಾನದಲ್ಲಿ ಹತ್ತು ಹನ್ನೊಂದು ವರ್ಷದ ಮಕ್ಕಳೂ ಆಡುತ್ತಿದ್ದರು. ನನ್ನ ಮಾತಿನಂತೆ ಮೊಮ್ಮಗ ಒಳಗೆ ಹೋಗಿದ್ದರೆ ಆ ಹೆಚ್ಚಿನ ಪೆಟ್ಟು ಯಾವುದೋ ಮಗುವಿನ ಕತ್ತಿನ ಮೇಲೆ ಬೀಳುತ್ತಿತ್ತು. ರೆಫರಿ ಹುಡುಗಿ ಗದರಲಿಲ್ಲ. ಅಲೆನ್ ಕೀ ಕೊಟ್ಟು ವೇಗದ ತಿರುಪನ್ನು ಸಡಿಲಿಸುವುದನ್ನು ತೋರಿಸಿದಳು. ನಾಲ್ಕು ಬಾರಿ ಹಾರಿಸಿದಾಗ ನಾಲ್ಕೂ 270ರಿಂದ 276ರ ನಡುವೆ ಬಂದವು. ಹಳೆಯ ನಳಿಗೆಯಲ್ಲಿ ಇಷ್ಟು ಒತ್ತಟ್ಟಿಗೆ ಬಂದಿರಲಿಲ್ಲ. ಹೊಸ ನಳಿಗೆಯ ನಿಜವಾದ ಲಾಭ ಇದು: ಒಂದು ಗುಂಡಿನಂತೆ ಮತ್ತೊಂದು ಹೊರಡುವುದು.

ಆದ್ದರಿಂದ ನನ್ನ ಖಚಿತ ಅಭಿಪ್ರಾಯವಿದು. ನಳಿಗೆ ಬದಲಾಯಿಸುವ ಕೆಲಸ ಅದು ತಿರುಪಿನಲ್ಲಿ ಕೂತಾಗ ಮುಗಿಯುವುದಿಲ್ಲ, ವೇಗಮಾಪಕದ ಮುಂದೆ ಮುಗಿಯುತ್ತದೆ. ಬೆಳಿಗ್ಗೆ ಒಮ್ಮೆ ಅಳೆದು ಪಟ್ಟಿ ಕಟ್ಟಿ ಇಡೀ ದಿನ ಬಿಟ್ಟುಬಿಡುವ ಪದ್ಧತಿ ಸಾಲದು. ನಳಿಗೆ, ತೆಳುಕೊಳವೆ, ಗುಂಡಿನ ಡಬ್ಬ, ಇವುಗಳಲ್ಲಿ ಯಾವುದು ಬದಲಾದರೂ ಮತ್ತೆ ಅಳೆಯಬೇಕೆಂಬುದು ಪ್ರತಿಯೊಂದು ಮೈದಾನದಲ್ಲೂ ನಿಯಮವಾಗಬೇಕು. ರೆಫರಿಯ ಕಣ್ಣು ನಳಿಗೆಯ ಬಣ್ಣವನ್ನು ಹಿಡಿಯಬಲ್ಲದು. ಒಳಗಿನ ತೆಳುಕೊಳವೆ ಬದಲಾದದ್ದನ್ನು ಯಾರ ಕಣ್ಣೂ ಹಿಡಿಯಲಾರದು. ನಳಿಗೆ ಮಾರುವ ಅಂಗಡಿಯವರು ಡಬ್ಬದ ಮೇಲೆ ಉದ್ದವನ್ನೂ ಬಣ್ಣವನ್ನೂ ದಪ್ಪಕ್ಷರದಲ್ಲಿ ಬರೆಯುತ್ತಾರೆ. ಹಾಕಿದ ಮೇಲೆ ವೇಗ ಅಳೆಯಿರಿ ಎಂಬ ಒಂದು ಸಾಲಿಗೆ ಅಲ್ಲಿ ಜಾಗವಿಲ್ಲವೇ? ನಮ್ಮಿಬ್ಬರಿಗೆ ಸಿಕ್ಕ ಎರಡೂ ಡಬ್ಬಗಳಲ್ಲಿ ಅದು ಇರಲಿಲ್ಲ. ಬೆಂಗಳೂರಿನ ಸುತ್ತಲ ರೆಸಾರ್ಟುಗಳಲ್ಲಿಯೂ ಈಗ ಈ ಆಟವಿದೆ. ಕಚೇರಿಯವರೊಡನೆ, ಮಕ್ಕಳೊಡನೆ ಹೋಗುವ ಓದುಗರು ಮೊದಲು ಕೇಳಬೇಕಾದದ್ದು ಗುಂಡಿನ ದರವನ್ನಲ್ಲ. ಇಂದು ವೇಗ ಅಳೆದಿದ್ದೀರಾ, ಎಷ್ಟು ಬಂತು ಎಂದು ಕೇಳಿ. ಉತ್ತರ ತಡವರಿಸಿದರೆ ಊಟ ಮುಗಿಸಿಕೊಂಡು ಬನ್ನಿ. ಮುಖವಾಡದ ಕನ್ನಡಿಗೆ ಮಂಜು ಕಟ್ಟಿತೆಂದು ಮೈದಾನದ ಒಳಗೆ ಅದನ್ನು ಎತ್ತಿ ಒರೆಸುವ ಜಾಣರಿಗೆ ಹೇಳಲು ನನ್ನಲ್ಲಿ ಸಭ್ಯವಾದ ಮಾತಿಲ್ಲ.

ಇನ್ನು ನನ್ನ ಸಹೋದ್ಯೋಗಿಯ ಆಕ್ಷೇಪ. ಮಕ್ಕಳ ಕೈಗೆ ಇಂಥದ್ದನ್ನು ಕೊಡುವುದೇ ತಪ್ಪಲ್ಲವೇ ಎಂದು ಅವರು ಕೇಳಬಹುದು. ನನಗೂ ಆ ಅಳುಕು ಇಲ್ಲದಿಲ್ಲ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ನಮ್ಮ ವಾರಿಗೆಯ ಹುಡುಗನೊಬ್ಬನ ಎಡಗಣ್ಣಿಗೆ ಪೆಟ್ಲಿನ ಕಾಯಿ ಬಡಿಯಿತು. ಹಾರಿಸಿದವನು ನಾನಲ್ಲ, ಆದರೆ ಆ ಪೆಟ್ಲಿಗೆ ಕಾಯಿ ಆರಿಸಿ ಕೊಟ್ಟವನು ನಾನು. ಚೆನ್ನಾಗಿ ಬಿಗಿಯಾಗುವಂಥದ್ದನ್ನೇ ಹುಡುಕಿ ಕೊಟ್ಟಿದ್ದೆ. ಅವನ ಆ ಕಣ್ಣಿಗೆ ಕೊನೆಯವರೆಗೂ ಮಂಜು ಕವಿದಂತೆಯೇ ಇತ್ತು. ನಮಗೆ ಯಾರೂ ಮುಖವಾಡ ಕೊಟ್ಟಿರಲಿಲ್ಲ, ಎಷ್ಟು ವೇಗವೆಂದು ಯಾರೂ ಅಳೆದಿರಲಿಲ್ಲ, ಮಕ್ಕಳಾಟವೆಂದು ದೊಡ್ಡವರು ಸುಮ್ಮನಿದ್ದರು. ಕ್ಯಾರಿಯ ಆ ಮೈದಾನದಲ್ಲಿ ಅಳತೆಯಿತ್ತು, ಮಿತಿಯಿತ್ತು, ಮಿತಿ ಮೀರಿದವನನ್ನು ತಡೆದು ನಿಲ್ಲಿಸುವ ಒಬ್ಬ ಹುಡುಗಿಯಿದ್ದಳು. ಎರಡರಲ್ಲಿ ಯಾವುದು ಹೆಚ್ಚು ಹಿಂಸೆಯ ಆಟವೆಂದು ನನ್ನ ಸಹೋದ್ಯೋಗಿಗಳೇ ಹೇಳಲಿ.

ಮುಂದಿನ ವಾರ ಮತ್ತೆ ಹೋಗಿದ್ದೆವು. ರಾತ್ರಿ ಮಳೆ ಬಿದ್ದು ಗುಂಡುಗಳು ಉಬ್ಬಿದ್ದವು, 0.684ರಲ್ಲಿ ಊದಿದರೆ ಕದಲಲಿಲ್ಲ. ಹುಡುಗ 0.687 ತೂರಿಸಿ, ನನ್ನನ್ನು ಏನೂ ಕೇಳದೆ, ತಾನೇ ಹೋಗಿ ವೇಗಮಾಪಕದ ಸಾಲಿನಲ್ಲಿ ನಿಂತ. ಈಗ ಊರಿಗೆ ಬಂದಾಗ ಪೆಟ್ಲು ಮಾಡಿಕೊಡಬೇಕೆಂದು ಫೋನಿನಲ್ಲಿ ಪೀಡಿಸುತ್ತಿದ್ದಾನೆ. ಮಳೆಗಾಲಕ್ಕೆ ಬಂದರೆ ಕಾಯಿ ಸಿಗುತ್ತದೆ, ವಾಟೆ ನೋಡಿಟ್ಟಿದ್ದೇನೆ, ಬರುವಾಗ ಎರಡು ಮುಖವಾಡ ತಾ ಎಂದಿದ್ದೇನೆ. "ಎರಡು ಯಾಕೆ ಅಜ್ಜಾ?" ಎಂದ. ಇನ್ನೊಂದು ನನಗೆ ಎಂದೆ.